ಆಕಾಶದ ಗಡಿಯಾರ ತೋರಿಸಿಕೊಟ್ಟ ಗ್ರಹಗಳು: ಕೋಲಾರ ಸೀಮೆಯಿಂದ ಒಂದು ನೋಟ

ಮಂಗಳೂರಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 75 ಘಟ್ಟ ಹತ್ತಿ, ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲುಗಳ ಮೂಲಕ ಸಾಗುತ್ತದೆ. ಆ ಸೀಮೆ ಎಂದೊಡನೆ ನಮಗೆ ನೆನಪಾಗುವುದು ಚಿನ್ನದ ಗಣಿ, ಶ್ರೀನಿವಾಸಪುರದ ಮಾವು, ಮಾಲೂರಿನ ಇಟ್ಟಿಗೆ ಮತ್ತು ಹೆಂಚು, ಮುಳಬಾಗಿಲಿನ ದೋಸೆ. ಆದರೆ ವಿಜ್ಞಾನಿಗಳ ಲೋಕದಲ್ಲಿ ಕೋಲಾರ ಜಿಲ್ಲೆಗೆ ಬೇರೊಂದು ಹೆಸರೂ ಇದೆ. 1965ರಲ್ಲಿ ಇಲ್ಲಿನ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ಸಿಕ್ಕಿತು. 1976ರಲ್ಲಿ ಇದೇ ಜಿಲ್ಲೆಯ ಗೌರಿಬಿದನೂರು ಬಳಿ ಒಂದು ದೊಡ್ಡ ರೇಡಿಯೋ ದೂರದರ್ಶಕ ಕೆಲಸ ಆರಂಭಿಸಿತು. (2007ರಲ್ಲಿ ಜಿಲ್ಲೆ ವಿಭಜನೆಯಾದ ಮೇಲೆ ಗೌರಿಬಿದನೂರು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ.)

ಈ ದೂರದರ್ಶಕದಲ್ಲಿ ಕನ್ನಡಿಯೂ ಇಲ್ಲ, ಗುಮ್ಮಟವೂ ಇಲ್ಲ. ಬಯಲಿನಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ ಸಾವಿರ ತಂತಿ ಆಂಟೆನಾಗಳೇ ಅದರ ಕಣ್ಣು, ಅಲ್ಲ, ಕಿವಿ. ಪೂರ್ವ-ಪಶ್ಚಿಮವಾಗಿ ಸುಮಾರು 1.4 ಕಿ.ಮೀ., ದಕ್ಷಿಣಕ್ಕೆ ಸುಮಾರು 450 ಮೀಟರ್ ಉದ್ದ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಹಾಗೂ ಭಾರತೀಯ ಖಭೌತ ಸಂಸ್ಥೆ ಸೇರಿ ಇದನ್ನು ಕಟ್ಟಿದವು. 34.5 ಮೆಗಾಹರ್ಟ್ಸ್ ಎಂಬ ಬಹು ಕಡಿಮೆ ಆವರ್ತನದಲ್ಲಿ ಅದು ಆಲಿಸಿದ ಸದ್ದುಗಳಲ್ಲಿ ಪಲ್ಸರ್‌ಗಳ ಮಿಡಿತವೂ ಸೇರಿತ್ತು.

ಪಲ್ಸರ್ ಎಂದರೇನು?

ದೊಡ್ಡ ನಕ್ಷತ್ರವೊಂದು ಸ್ಫೋಟಗೊಂಡು ಸತ್ತ ಬಳಿಕ ಉಳಿಯುವ ಗಟ್ಟಿ ತಿರುಳೇ ನ್ಯೂಟ್ರಾನ್ ನಕ್ಷತ್ರ. ಅಡ್ಡಳತೆ ಕೇವಲ ಇಪ್ಪತ್ತು-ಇಪ್ಪತ್ತೈದು ಕಿ.ಮೀ., ತೂಕ ಮಾತ್ರ ನಮ್ಮ ಸೂರ್ಯನಿಗಿಂತ ಹೆಚ್ಚು. ಅದು ತಿರುಗುವಾಗ ಅದರ ರೇಡಿಯೋ ಕಿರಣ ದೀಪಸ್ತಂಭದ ಬೆಳಕಿನಂತೆ ಸುತ್ತುತ್ತದೆ. ಕಾಪು ಕಡಲತಡಿಯ ದೀಪಸ್ತಂಭವನ್ನು ರಾತ್ರಿ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪ್ರತಿ ಸುತ್ತಿಗೂ ನಮಗೊಂದು ಮಿಡಿತ ತಲುಪುತ್ತದೆ. 1967ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಕಂಡ ಮೊದಲ ಪಲ್ಸರ್ 1.337 ಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು. ಕೆಲವು ಪಲ್ಸರ್‌ಗಳು ಸೆಕೆಂಡಿಗೆ ನೂರಾರು ಸಲ ಮಿಡಿಯುತ್ತವೆ. ಇವುಗಳ ನಿಯಮಬದ್ಧತೆ ನಾವು ತಯಾರಿಸುವ ಅತ್ಯುತ್ತಮ ಗಡಿಯಾರಗಳಿಗೆ ಸಾಟಿಯಾಗುವಷ್ಟು.

ಗಂಟೆ ಮತ್ತು ದೋಣಿ

ಕಡಲಲ್ಲಿ ಲಂಗರು ಹಾಕಿದ ದೋಣಿಯೊಂದರಿಂದ ಯಾರೋ ಸರಿಯಾಗಿ ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತಿದ್ದಾರೆ ಎಂದುಕೊಳ್ಳಿ. ಕತ್ತಲಲ್ಲಿ ದೋಣಿ ಕಾಣುವುದಿಲ್ಲ. ಅದು ದಡದಿಂದ 340 ಮೀಟರ್ ದೂರ ಸರಿದರೆ ಗಂಟೆಯ ಸದ್ದು ಒಂದು ಸೆಕೆಂಡು ತಡವಾಗಿ ಕೇಳುತ್ತದೆ. ಹತ್ತಿರ ಬಂದರೆ ಬೇಗ ಕೇಳುತ್ತದೆ. ಬರೇ ಗಡಿಯಾರ ಹಿಡಿದು ಕುಳಿತವನು ದೋಣಿ ಹೇಗೆ ಓಲಾಡುತ್ತಿದೆ ಎಂದು ಬರೆದಿಡಬಹುದು.

ಪಲ್ಸರ್ ಸುತ್ತ ಗ್ರಹವಿದ್ದರೆ ಆಗುವುದೂ ಇದೇ. ಗ್ರಹ ನಕ್ಷತ್ರವನ್ನು ಸುತ್ತುವಾಗ ನಕ್ಷತ್ರವೂ ಗ್ರಹದ ಸೆಳೆತಕ್ಕೆ ತುಸು ಓಲಾಡುತ್ತದೆ. ಮಿಡಿತಗಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಬರುತ್ತವೆ. ಈ ಏರಿಳಿತ ಎಷ್ಟು ದಿನಕ್ಕೊಮ್ಮೆ ಮರುಕಳಿಸುತ್ತದೆ ಎಂಬುದರಿಂದ ಗ್ರಹದ ‘ವರ್ಷ’ವೂ, ಎಷ್ಟು ದೊಡ್ಡದು ಎಂಬುದರಿಂದ ಗ್ರಹದ ತೂಕದ ಅಂದಾಜೂ ಸಿಗುತ್ತದೆ.

1990ರಲ್ಲಿ ಪೋರ್ಟೊರಿಕೋದ ಅರೆಸಿಬೋ ದೂರದರ್ಶಕ ದುರಸ್ತಿಯಲ್ಲಿದ್ದು, ಬೇಕಾದಂತೆ ತಿರುಗಿಸಲಾಗದ ಸ್ಥಿತಿಯಲ್ಲಿತ್ತು. ಆ ಬಿಡುವಿನಲ್ಲೇ ಪೋಲೆಂಡ್ ಮೂಲದ ಅಲೆಕ್ಸಾಂಡರ್ ವೊಲ್ಶ್ಚಾನ್ ಕನ್ಯಾ ರಾಶಿಯಲ್ಲಿ ಹೊಸ ಪಲ್ಸರ್ ಒಂದನ್ನು ಕಂಡರು. ಅದರ ಹೆಸರು ಪಿಎಸ್‌ಆರ್ ಬಿ1257+12. ಸೆಕೆಂಡಿಗೆ ಸುಮಾರು 161 ಮಿಡಿತ. ಆದರೆ ಮಿಡಿತಗಳು ಸುಮಾರು 66.5 ದಿನ ಮತ್ತು 98.2 ದಿನಗಳ ಲಯದಲ್ಲಿ ಮುಂದೆ ಹಿಂದೆ ಆಗುತ್ತಿದ್ದವು. ವ್ಯತ್ಯಾಸ ಒಂದೊಂದರಲ್ಲೂ ಸೆಕೆಂಡಿನ ಸಾವಿರದ ಒಂದೂವರೆ ಭಾಗಕ್ಕಿಂತಲೂ ಕಡಿಮೆ! ಅಂದರೆ ಆ ನಕ್ಷತ್ರ ನಮ್ಮ ಕಡೆಗೂ ಆಚೆಗೂ ಓಲಾಡಿದ್ದು ಸುಮಾರು 400 ಕಿ.ಮೀ. ಮಾತ್ರ, ಹೆಚ್ಚುಕಡಿಮೆ ಮಂಗಳೂರಿನಿಂದ ಕೋಲಾರಕ್ಕಿರುವಷ್ಟು ದೂರ. ಅಷ್ಟು ಸಣ್ಣ ಚಲನೆಯನ್ನು ಸುಮಾರು 2,300 ಜ್ಯೋತಿರ್ವರ್ಷಗಳಾಚೆಯಿಂದ ಅಳೆಯಲಾಯಿತು.

ಒಂದು ತಪ್ಪು, ಒಂದು ಒಪ್ಪಿಗೆ

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಘಟನೆ ಇದೆ. 1991ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಲೈನ್ ಮತ್ತು ಸಂಗಡಿಗರು ಬೇರೊಂದು ಪಲ್ಸರ್ ಸುತ್ತ ಆರು ತಿಂಗಳಿಗೊಮ್ಮೆ ಸುತ್ತುವ ಗ್ರಹವಿದೆ ಎಂದು ಪ್ರಕಟಿಸಿದ್ದರು. ಜಗತ್ತೆಲ್ಲ ಸುದ್ದಿಯಾಯಿತು. ಆದರೆ ನಾವು ಆಲಿಸುತ್ತಿರುವ ಭೂಮಿಯೇ ಸೂರ್ಯನನ್ನು ಸುತ್ತುತ್ತಿದೆಯಲ್ಲವೇ? ಆ ಕಾರಣಕ್ಕೇ ಮಿಡಿತಗಳು ವರ್ಷದಲ್ಲಿ ಎಂಟು ನಿಮಿಷದವರೆಗೆ ಬೇಗ ಅಥವಾ ತಡವಾಗಬಹುದು. ಇದನ್ನು ಕರಾರುವಾಕ್ಕಾಗಿ ಕಳೆಯದಿದ್ದರೆ ಭೂಮಿಯ ಓಟವೇ ಅಲ್ಲಿ ಗ್ರಹವಾಗಿ ಕಾಣಿಸುತ್ತದೆ. ಪಲ್ಸರ್‌ನ ಸ್ಥಾನದಲ್ಲಿದ್ದ ಸಣ್ಣ ದೋಷದಿಂದಾಗಿ ಭೂಪಥದ ಲೆಕ್ಕ ಸರಿಯಾಗಿ ಕಳೆದಿರಲಿಲ್ಲ.

ತಪ್ಪು ತಿಳಿದಾಗ ಲೈನ್ ಮುಚ್ಚಿಡಲಿಲ್ಲ. 1992ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ನಡೆದ ಖಗೋಳಶಾಸ್ತ್ರಜ್ಞರ ಸಭೆಯಲ್ಲಿ ಎದ್ದು ನಿಂತು, ಆ ಗ್ರಹ ಇಲ್ಲ, ತಪ್ಪು ನಮ್ಮದು ಎಂದು ವಿವರಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವರ ನಂತರ ಮಾತನಾಡಿದವರು ವೊಲ್ಶ್ಚಾನ್. ಅವರ ಜೊತೆಗಾರ ಡೇಲ್ ಫ್ರೇಲ್ ಇನ್ನೊಂದು ದೂರದರ್ಶಕ ಸಮೂಹದಿಂದ ಪಲ್ಸರ್‌ನ ಸ್ಥಾನವನ್ನು ಪ್ರತ್ಯೇಕವಾಗಿ ಅಳೆದಿದ್ದರಿಂದ ಅದೇ ತಪ್ಪು ಇಲ್ಲಿ ನುಸುಳಿರಲಿಲ್ಲ. 1994ರ ಹೊತ್ತಿಗೆ ಆ ಎರಡು ಗ್ರಹಗಳು ಪರಸ್ಪರ ಸೆಳೆಯುವ ಗುರುತೂ ಸಿಕ್ಕಿ ಸಂಶಯ ಪೂರ್ತಿ ನಿವಾರಣೆಯಾಯಿತು. ಚಂದ್ರನ ಸುಮಾರು ಎರಡರಷ್ಟು ತೂಕದ ಮೂರನೆಯದೂ ಪತ್ತೆಯಾಯಿತು. ಸೌರಮಂಡಲದಾಚೆ ಖಚಿತವಾದ ಮೊದಲ ಗ್ರಹಗಳು ಇವೇ. ತೀವ್ರ ವಿಕಿರಣದ ನಡುವೆ ಅಲ್ಲಿ ನಮಗೆ ತಿಳಿದಂಥ ಜೀವಕ್ಕೆ ಆಸ್ಪದವಿಲ್ಲ. ನಕ್ಷತ್ರ ಸತ್ತ ಮೇಲೆ ಉಳಿದ ದ್ರವ್ಯದಿಂದಲೇ ಅವು ಹೊಸದಾಗಿ ರೂಪುಗೊಂಡಿರಬೇಕೆಂದು ಬಹುಪಾಲು ವಿಜ್ಞಾನಿಗಳ ಅಭಿಪ್ರಾಯ.

ನಮ್ಮವರ ಪಾಲು

ಈ ಗ್ರಹಗಳನ್ನು ಕಂಡದ್ದು ಗೌರಿಬಿದನೂರಲ್ಲ. ಆದರೆ ಗಡಿಯಾರವನ್ನು ನಂಬಬೇಕಾದರೆ ದಾರಿಯಲ್ಲಿ ಮಿಡಿತಕ್ಕೆ ಏನಾಗುತ್ತದೆ ಎಂದು ತಿಳಿದಿರಬೇಕು. ನಕ್ಷತ್ರಗಳ ನಡುವಿನ ಎಲೆಕ್ಟ್ರಾನ್‌ಗಳು ಕಡಿಮೆ ಆವರ್ತನದ ಅಲೆಗಳನ್ನು ಹೆಚ್ಚು ತಡೆಯುತ್ತವೆ. ಇದೇ ಬಿ1257+12ರ ಮಿಡಿತ 34.5 ಮೆಗಾಹರ್ಟ್ಸ್‌ನಲ್ಲಿ ಸುಮಾರು 35 ಸೆಕೆಂಡು ತಡವಾಗಿ ಬರಬೇಕು! ಗೌರಿಬಿದನೂರು ಕೆಲಸ ಮಾಡಿದ್ದು ಈ ಕಷ್ಟದ ಆವರ್ತನದಲ್ಲೇ. ಆಗ ರಾಮನ್ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್‌ರ ಪುತ್ರ ವಿ. ರಾಧಾಕೃಷ್ಣನ್. 1969ರಲ್ಲಿ ಆಸ್ಟ್ರೇಲಿಯದಲ್ಲಿ ವೇಲಾ ಪಲ್ಸರ್‌ನ ವೇಗ ಹಠಾತ್ತಾಗಿ ಜಿಗಿದದ್ದನ್ನು ಗುರುತಿಸಿದವರಲ್ಲಿ ಅವರೂ ಒಬ್ಬರು. ಆಕಾಶದ ಗಡಿಯಾರವೂ ಒಮ್ಮೊಮ್ಮೆ ತಪ್ಪುತ್ತದೆ ಎಂಬುದು ಅದರಿಂದ ತಿಳಿಯಿತು.

ಇಂದು ಪುಣೆ ಬಳಿಯ ಜಿಎಂಆರ್‌ಟಿಯ 30 ಬೃಹತ್ ಆಂಟೆನಾಗಳಿಂದ ಭಾರತೀಯ ವಿಜ್ಞಾನಿಗಳು ಪಲ್ಸರ್‌ಗಳ ಕಾಲ ಅಳೆಯುತ್ತಿದ್ದಾರೆ. 2023ರ ಜೂನ್‌ನಲ್ಲಿ ಯುರೋಪಿನವರ ಜೊತೆ ಸೇರಿ, ವಿಶ್ವವನ್ನೆಲ್ಲ ತುಂಬಿರುವ ಗುರುತ್ವ ಅಲೆಗಳ ಸುಳಿವನ್ನು ಅವರು ಪ್ರಕಟಿಸಿದರು.

ಸಣ್ಣ ವ್ಯತ್ಯಾಸವನ್ನು ಕಡೆಗಣಿಸದಿದ್ದುದರಿಂದ ಹೊಸ ಲೋಕಗಳು ಸಿಕ್ಕವು. ತಪ್ಪನ್ನು ಒಪ್ಪಿಕೊಂಡಿದ್ದರಿಂದ ಆ ಶೋಧದ ಮೇಲೆ ನಂಬಿಕೆ ಉಳಿಯಿತು. ನಮ್ಮ ಶಾಲೆಗಳಲ್ಲಿ ವಿಜ್ಞಾನ ಕಲಿಸುವವರು ಪಾಠದ ಜೊತೆ ಈ ಎರಡನೆಯ ಮಾತನ್ನೂ ಮಕ್ಕಳಿಗೆ ಹೇಳಿಕೊಟ್ಟರೆ ಒಳಿತು.