ಕಾನೂನು ಮೊದಲು ಬಂತು, ಲೆಕ್ಕ ಆಮೇಲೆ

ಹೆಣ್ಣುಮಗಳನ್ನು ದೇವರಿಗೆ ಬಿಡುವ ದೇವದಾಸಿ ಪದ್ಧತಿಗೆ ಬಳ್ಳಾರಿ ಸೀಮೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಎರಡು ಹೆಸರು. ಹಳಬರು ‘ಬಸವಿ ಬಿಡುವುದು’ ಎನ್ನುತ್ತಿದ್ದರು, ಈಗಿನವರು ‘ಮುತ್ತು ಕಟ್ಟುವುದು’ ಎನ್ನುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕೇರಿಗಳಲ್ಲಿ ಈ ಎರಡೂ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಸವಿ ಎಂಬ ಏರ್ಪಾಟಿಗೆ ಒಂದು ಲೆಕ್ಕಾಚಾರವಿತ್ತು. ಗಂಡುಸಂತಾನವಿಲ್ಲದ ಮನೆಯವರು ಒಬ್ಬ ಮಗಳನ್ನು ದೇವರಿಗೆ ಬಿಟ್ಟರೆ ಅವಳು ಮಗನ ಸ್ಥಾನಕ್ಕೆ ಬರುತ್ತಿದ್ದಳು. ತವರಲ್ಲೇ ಉಳಿದು ಹೆತ್ತವರನ್ನು ಸಾಕುತ್ತಿದ್ದಳು, ಹೊಲ-ಮನೆಗೆ ವಾರಸುದಾರಳಾಗುತ್ತಿದ್ದಳು. ಅವಳ ಮಕ್ಕಳು ತಾಯಿಯ ಮನೆತನಕ್ಕೇ ಸೇರುತ್ತಿದ್ದರು. ಆದರೆ ಹೊಲವೇ ಇಲ್ಲದ ದಲಿತ ಕುಟುಂಬದಲ್ಲಿ ವಾರಸಿಕೆಗೆ ಏನು ಅರ್ಥ? ಅಲ್ಲಿ ಅವಳ ಪಾಲಿಗೆ ಬಂದದ್ದು ಮನೆ ಸಾಕುವ ಹೊರೆ, ಮದುವೆಯಿಲ್ಲದ ಬಾಳು, ಊರ ಉಳ್ಳವರ ಹಂಗು. ಮಳೆ ಹೋದರೆ, ಮನೆಯಲ್ಲಿ ಕಾಯಿಲೆ ಬಿದ್ದರೆ, ಹುಡುಗಿಯ ತಲೆಯಲ್ಲಿ ಜಡೆಗಟ್ಟಿದರೆ, ದೇವಿ ಕರೆದಳೆಂದು ಕೊರಳಿಗೆ ಮುತ್ತು ಬೀಳುತ್ತಿತ್ತು.

ಇದು ಯಾರಿಗೂ ತಿಳಿಯದ ಗುಟ್ಟಾಗಿರಲಿಲ್ಲ. ಡಬ್ಲ್ಯೂ. ಫ್ರಾನ್ಸಿಸ್ ಸಿದ್ಧಪಡಿಸಿದ 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರ್ ಜಾತಿ-ಆಚಾರಗಳ ವಿವರಣೆಯ ನಡುವೆ ಬಸವಿಯರ ಬಗ್ಗೆಯೂ ಬರೆದಿದೆ. ಸರ್ಕಾರ ಕಂಡಿತ್ತು, ಬರೆದಿಟ್ಟಿತ್ತು. ಬರೆದಿಟ್ಟದ್ದು ಕಪಾಟು ಸೇರಿತು.

ಬೇರೆಡೆ ಬರಹ ಹೀಗೆ ಕಪಾಟಿನಲ್ಲಿ ಉಳಿಯಲಿಲ್ಲ. ಅದೇ 1904ರಲ್ಲಿ ಅಮೆರಿಕದ ಅಪ್ಟನ್ ಸಿಂಕ್ಲೇರ್ ಎಂಬ ಯುವ ಲೇಖಕ ಶಿಕಾಗೊದ ಮಾಂಸದ ಕಾರ್ಖಾನೆಗಳ ನಡುವೆ ಏಳು ವಾರ ಕಳೆದ. ಅಲ್ಲಿ ಕಂಡದ್ದನ್ನು ಕಾದಂಬರಿಯಾಗಿಸಿ 1906ರ ಫೆಬ್ರುವರಿಯಲ್ಲಿ ಪುಸ್ತಕವಾಗಿ ಹೊರತಂದ. ಜೂನ್ 30ರಂದು ಅಧ್ಯಕ್ಷ ಥಿಯೋಡೊರ್ ರೂಸ್ವೆಲ್ಟ್ ಮಾಂಸ ತಪಾಸಣೆ ಹಾಗೂ ಶುದ್ಧ ಆಹಾರದ ಎರಡು ಕಾಯ್ದೆಗಳಿಗೆ ಸಹಿ ಹಾಕಿದರು. ಐಡಾ ಟಾರ್ಬೆಲ್ 1902ರಿಂದ ‘ಮೆಕ್‌ಕ್ಲೂರ್ಸ್’ ಮಾಸಿಕದಲ್ಲಿ ದಾಖಲೆಗಳನ್ನು ಮುಂದಿಟ್ಟು ಬಯಲಿಗೆಳೆದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 1911ರಲ್ಲಿ ಒಡೆಯಿತು. ಕಪ್ಪುಜನರನ್ನು ಗುಂಪು ಕಟ್ಟಿ ಕೊಲ್ಲುತ್ತಿದ್ದ ಘಟನೆಗಳನ್ನು ಐಡಾ ಬಿ. ವೆಲ್ಸ್ ಬಿಳಿಯರ ಪತ್ರಿಕೆಗಳ ವರದಿಯಿಂದಲೇ ಹೆಕ್ಕಿ, ಎಣಿಸಿ, 1895ರಲ್ಲಿ ಪ್ರಕಟಿಸಿದ್ದರು. ಆಕೆ ಗುಲಾಮಗಿರಿಯಲ್ಲಿ ಹುಟ್ಟಿದ ಹೆಣ್ಣುಮಗಳು. ಈ ಬರಹಗಾರರೆಲ್ಲ ಹಿಡಿದ ದಾರಿ ಒಂದೇ: ಮೊದಲು ಸತ್ಯ ಬಯಲಾಗಲಿ, ಜನರ ಸಿಟ್ಟು ಏಳಲಿ, ಕಾನೂನು ಹಿಂದೆಯೇ ಬರುತ್ತದೆ.

ಬಳ್ಳಾರಿ ಸೀಮೆಯಲ್ಲಿ ಈ ದಾರಿ ತಿರುಗುಮುರುಗಾಯಿತು. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತ್ತಾದರೂ ಆ ಆದೇಶ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಮದ್ರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ 1920ರ ದಶಕದಿಂದ ನಡೆಸಿದ ಹೋರಾಟ 1947ರಲ್ಲಿ ದೇವದಾಸಿ ಸಮರ್ಪಣೆ ತಡೆ ಕಾಯ್ದೆಯಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಲ್ಲಿ ಮುತ್ತು ಕಟ್ಟುವುದು ಆಗಲೇ ಅಪರಾಧ. ಕೇರಿಗೆ ಅದರ ಸುದ್ದಿ ಮುಟ್ಟಲಿಲ್ಲ. ಕಾಯ್ದೆಯ ಹಿಂದಿದ್ದ ಚರ್ಚೆ ಹೆಚ್ಚಾಗಿ ದೊಡ್ಡ ದೇವಾಲಯಗಳ ನರ್ತಕಿಯರ ಸುತ್ತ ನಡೆದಿತ್ತು. ಗುಡಿಯಲ್ಲಿ ಕುಣಿಯದ, ಇನಾಮು ಭೂಮಿ ಇಲ್ಲದ, ಹಗಲೆಲ್ಲ ಕೂಲಿ ಮಾಡುವ ಬಸವಿ ಆ ಚರ್ಚೆಯ ಅಂಚಿನಲ್ಲೇ ಉಳಿದಳು.

ಕರ್ನಾಟಕದ್ದೇ ಆದ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರಲ್ಲಿ ಅಂಗೀಕಾರವಾಗಿ 1984ರಲ್ಲಿ ಜಾರಿಗೆ ಬಂತು. ಆ ಕಾಯ್ದೆಯಡಿ ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ ಸೆರೆಯಿತ್ತು. ಹೆತ್ತವರೋ ಪೋಷಕರೋ ಆಗಿದ್ದರೆ 5 ವರ್ಷದವರೆಗೆ. ಹೆತ್ತವರೇ ಹೆಚ್ಚಿನ ತಪ್ಪಿತಸ್ಥರೆಂಬ ಈ ಏರ್ಪಾಟು ನ್ಯಾಯವೆಂದೇ ಕಾಣುತ್ತದೆ. ಆದರೆ ದೂರು ಕೊಡಬೇಕಾದವಳು ಅವರದೇ ಮಗಳು. ಅಪ್ಪ-ಅವ್ವನನ್ನು ಜೈಲಿಗೆ ಕಳಿಸಲು ಯಾವ ಹುಡುಗಿ ಠಾಣೆ ಮೆಟ್ಟಿಲು ಹತ್ತುತ್ತಾಳೆ? ಅವಳನ್ನು ಇಟ್ಟುಕೊಳ್ಳುವ ಗಂಡಸಿನ ಮೇಲೆ ಈ ಕಾಯ್ದೆ ಕೈಯನ್ನೂ ಇಡಲಿಲ್ಲ.

ಪತ್ರಿಕೆಗಳು ಕೈಕಟ್ಟಿ ಕೂತಿರಲಿಲ್ಲ. 1986ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರು ಮತ್ತು ಪತ್ರಕರ್ತರ ಮೇಲೆ ಗುಂಪು ಮುಗಿಬಿತ್ತು; ಪೊಲೀಸರ ಬಟ್ಟೆಯನ್ನೇ ಕಳಚಲಾಯಿತು. ನಾಡಿನ ಪತ್ರಿಕೆಗಳು ಅದನ್ನು ಮುಖಪುಟಕ್ಕೆ ತಂದವು, ನ್ಯಾಯಮೂರ್ತಿ ಚನ್ನಬಸಪ್ಪ ನೇತೃತ್ವದಲ್ಲಿ ವಿಚಾರಣೆ ನಡೆಯಿತು, ಬೆತ್ತಲೆ ಸೇವೆ ನಿಷೇಧವಾಯಿತು. ಅಮೆರಿಕದ ದಾರಿ ಇಲ್ಲೂ ಫಲ ಕೊಟ್ಟಿತು. ಆದರೆ ಬೆತ್ತಲೆ ಸೇವೆ ಹಗಲಲ್ಲಿ, ಸಾವಿರಾರು ಜನರ ಎದುರು ನಡೆಯುವಂಥದು, ಕ್ಯಾಮೆರಾಕ್ಕೆ ಸಿಗುತ್ತದೆ. ಮುತ್ತು ಕಟ್ಟಲು ಒಂದು ಕೋಣೆ, ಒಂದು ರಾತ್ರಿ, ಒಬ್ಬಳು ಹಿರಿಯ ಜೋಗತಿ ಸಾಕು. ಕಾನೂನಿನ ಭಯ ಹೆಚ್ಚಿದಷ್ಟೂ ಅದು ಗುಡಿಯಿಂದ ಮನೆಯೊಳಕ್ಕೆ ಸರಿಯಿತು.

ಹಾಗಾಗಿ ಈ ಸೀಮೆಯಲ್ಲಿ ನಿಜವಾದ ತನಿಖೆ ನಡೆದದ್ದು ಮನೆಮನೆ ಎಣಿಕೆಯಲ್ಲಿ. 1993-94ರಲ್ಲಿ ಸರ್ಕಾರ ಸಮೀಕ್ಷೆ ನಡೆಸಿದಾಗ ರಾಜ್ಯದಲ್ಲಿ 22,873 ದೇವದಾಸಿ ಮಹಿಳೆಯರು ಸಿಕ್ಕರು. 2007-08ರ ಎರಡನೇ ಸಮೀಕ್ಷೆ ಇನ್ನೂ 23,787 ಮಂದಿಯನ್ನು ಗುರುತಿಸಿತು. ಒಟ್ಟು 46,660. ಕಾಯ್ದೆ ಬಂದು ಕಾಲು ಶತಮಾನವಾದ ಮೇಲೆ ಸಿಕ್ಕ ಸಂಖ್ಯೆ ಮೊದಲು ಸಿಕ್ಕದ್ದಕ್ಕಿಂತ ದೊಡ್ಡದು! ಮೊದಲ ಎಣಿಕೆಯಲ್ಲಿ ಅಷ್ಟು ಜನ ಬಿಟ್ಟುಹೋಗಿದ್ದರು, ಇಲ್ಲವೇ ನಡುವಿನ ವರ್ಷಗಳಲ್ಲಿ ಅವರ ಕೊರಳಿಗೆ ಮುತ್ತು ಬಿದ್ದಿತ್ತು. ಎರಡರಲ್ಲಿ ಯಾವುದೇ ಇರಲಿ, ‘ಇದೆಲ್ಲ ಹಳೆಯ ಕಾಲದ್ದು’ ಎನ್ನುವ ಮಾತಿಗೆ ಆಮೇಲೆ ಬೆಲೆ ಉಳಿಯಲಿಲ್ಲ.

ಲೆಕ್ಕ ಸಿಕ್ಕ ಮೇಲೆ ಹಕ್ಕಿನ ಮಾತು ಶುರುವಾಯಿತು. ಮಾಸಾಶನ, ಮನೆ, ಸಾಲ-ಸಹಾಯಧನ, ಎಲ್ಲಕ್ಕೂ ಸಮೀಕ್ಷೆಯ ಪಟ್ಟಿಯೇ ಆಧಾರವಾಯಿತು. ದೇವದಾಸಿ ಮಹಿಳೆಯರ ವಿಮೋಚನಾ ಸಂಘ ಜಿಲ್ಲಾ ಕಚೇರಿಗಳ ಎದುರೂ ಬೆಂಗಳೂರಿನಲ್ಲೂ ಧರಣಿ ಕೂತಿತು. ಹೊಸಪೇಟೆಯ ಸಖಿ ಟ್ರಸ್ಟ್ ಈ ತಾಯಂದಿರ ಹೆಣ್ಣುಮಕ್ಕಳನ್ನು ಶಾಲೆ-ಕಾಲೇಜಿನಲ್ಲಿ ಉಳಿಸುವ ಕೆಲಸ ಹಿಡಿಯಿತು. ಹಿಂದೆ ಬೇರೆಯವರು ಇವರ ಬಗ್ಗೆ ಬರೆಯುತ್ತಿದ್ದರು. ಈಗ ಇವರೇ ಮೈಕಿನ ಮುಂದೆ ನಿಂತರು. ಈ ಕತೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಆದರೂ ಸಮರ್ಪಣೆಯ ಆತಂಕ ಉಳಿದೇ ಇತ್ತು. 2014ರ ಫೆಬ್ರುವರಿಯಲ್ಲಿ, ಭಾರತ ಹುಣ್ಣಿಮೆಯ ಹೊಸ್ತಿಲಲ್ಲಿ, ದಾವಣಗೆರೆ ಜಿಲ್ಲೆಯ ದೇವಿಗುಡಿಯೊಂದರಲ್ಲಿ ಸಮರ್ಪಣೆ ನಡೆಯದಂತೆ ತಡೆಯಬೇಕೆಂದು ಸುಪ್ರೀಂ ಕೋರ್ಟ್ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಸೂಚಿಸಿತು. 1997ರಿಂದ ಹರಪನಹಳ್ಳಿಯೂ ಅದೇ ಜಿಲ್ಲೆಯಲ್ಲಿತ್ತು. ಆ ಹುಣ್ಣಿಮೆಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಬೆಟ್ಟಕ್ಕೆ ಸುತ್ತಲಿನ ಜಿಲ್ಲೆಗಳ ಜನ ಹರಿದುಬರುತ್ತಾರೆ. ಹರಪನಹಳ್ಳಿ ಆಮೇಲೆ ಬಳ್ಳಾರಿಗೆ ಮರಳಿತು; 2021ರಲ್ಲಿ ಮೊದಲು ಹೇಳಿದ ಐದೂ ತಾಲ್ಲೂಕುಗಳು ಹೊಸಪೇಟೆಯೊಂದಿಗೆ ವಿಜಯನಗರ ಜಿಲ್ಲೆಯಾದವು.

ಇನ್ನು ಮಕ್ಕಳ ಪ್ರಶ್ನೆ. ಶಾಲೆಯ ಅರ್ಜಿಯಿಂದ ಹಿಡಿದು ಪ್ರತಿ ಕಾಗದದಲ್ಲೂ ‘ತಂದೆಯ ಹೆಸರು’ ಎಂಬ ಖಾಲಿ ಜಾಗ ಇವರನ್ನು ಅವಮಾನಿಸುತ್ತ ಬಂದಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2018ರಲ್ಲಿ ಹೊಸ ಮಸೂದೆಯ ಕರಡು ಸಿದ್ಧಪಡಿಸಿತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ದೇವದಾಸಿ ತಡೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ ಮಸೂದೆ ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ; ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯವನ್ನೂ ತೆಗೆಯುತ್ತದೆ. 1982ರ ಕಾಯ್ದೆ ಮುಟ್ಟದೆ ಬಿಟ್ಟಿದ್ದ ಗಂಡಸು ಕಾನೂನಿನ ಕಣ್ಣಿಗೆ ಬಿದ್ದದ್ದು ಇದರಿಂದ.

ಆ ವರ್ಷವೇ ಮತ್ತೊಂದು ಸಮೀಕ್ಷೆಯೂ ಶುರುವಾಯಿತು. ಎರಡು ಹಳೆಯ ಪಟ್ಟಿಗಳಲ್ಲಿ ಹೆಸರಿಲ್ಲದವರಿಗೆ ಸವಲತ್ತು ಸಿಕ್ಕಿರಲಿಲ್ಲ. ಎಣಿಸಲು ಬಂದ ದಿನ ಗುಳೆ ಹೋಗಿದ್ದವರಿದ್ದಾರೆ. ಕೇಸಿಗೆ ಹೆದರಿ, ನಾಚಿಕೆಗೆ ಅಂಜಿ ಬಾಯಿ ಬಿಡದವರಿದ್ದಾರೆ. ಅಂಗನವಾಡಿ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರುಗಳು, ಪಂಚಾಯಿತಿ ಸದಸ್ಯರು ತಮ್ಮ ಊರಿನಲ್ಲಿ ಹೀಗೆ ಬಿಟ್ಟುಹೋದವರು ಯಾರೆಂದು ಬಲ್ಲರು. ಅಂಥವರ ಹೆಸರು ಪಟ್ಟಿಗೆ ಬರುವಂತೆ ಇವರೇ ನೋಡಿಕೊಳ್ಳಬೇಕು.