ಕೂತರೆ ಸಾಲದು, ಹೊಂದಬೇಕು

6080 ಎಂಬ ಟ್ಯೂಬನ್ನು (ನಿರ್ವಾತ ಕೊಳವೆ ಅಥವಾ ವಾಲ್ವ್) ರೂಪಿಸಿದವರ ತಲೆಯಲ್ಲಿ ಸಂಗೀತ ಇರಲೇ ಇಲ್ಲ. ಅದರ ಮೂಲವಾದ 6ಎಎಸ್7ಜಿ 1940ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ಹೊರಬಂದಾಗ ಅದಕ್ಕೆ ಒಪ್ಪಿಸಿದ್ದ ಮುಖ್ಯ ಕೆಲಸ, ಪವರ್ ಸಪ್ಲೈಯಿಂದ ಹೊರಡುವ ವೋಲ್ಟೇಜು ಏರದಂತೆ ಇಳಿಯದಂತೆ ಕಾಯುವುದು. ಅದನ್ನೇ ಕುಗ್ಗಿಸಿ, ಏಟು ತಡೆಯುವಂತೆ ಗಟ್ಟಿ ಮಾಡಿದ ರೂಪವೇ 6080. ಪ್ರಯೋಗಾಲಯಗಳ ಮತ್ತು ಸೇನಾ ಉಪಕರಣಗಳ ಒಳಗೆ ಯಾರ ಕಣ್ಣಿಗೂ ಬೀಳದೆ ದುಡಿಯುತ್ತಿದ್ದ ಈ ಗಾಜಿನ ಬುರುಡೆ ಈಗ ಹವ್ಯಾಸಿಗಳ ಮೇಜಿನ ಮೇಲೆ ಕೂತು ಹೆಡ್‌ಫೋನಿಗೆ ಹಾಡು ಉಣಿಸುತ್ತಿದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಾಟಲ್‌ಹೆಡ್ ಎಂಬ ಸಣ್ಣ ಕಂಪನಿ ‘ಕ್ರ್ಯಾಕ್’ ಹೆಸರಿನ ಕಿಟ್ ಒಂದನ್ನು ಜನಪ್ರಿಯಗೊಳಿಸಿತು. ಟ್ರಾನ್ಸ್‌ಫಾರ್ಮರ್, ರೆಸಿಸ್ಟರ್, ಕೆಪಾಸಿಟರ್, ತಂತಿ, ಮರದ ಚೌಕಟ್ಟು, ಎರಡೇ ಎರಡು ಟ್ಯೂಬ್. ಕೊಂಡವರೇ ಬೆಸುಗೆ ಹಾಕಿ ಕಟ್ಟಿಕೊಳ್ಳಬೇಕು. ಒಂದು ಟ್ಯೂಬ್ 12ಎಯು7. ಅದು ಫೋನಿನಿಂದಲೋ ಸಿಡಿ ಪ್ಲೇಯರಿನಿಂದಲೋ ಬಂದ ಸಣ್ಣ ವೋಲ್ಟೇಜನ್ನು ಹಿಗ್ಗಿಸುತ್ತದೆ. ಇನ್ನೊಂದು ಅದೇ 6080. ಹಿಗ್ಗಿದ ಸಂಕೇತಕ್ಕೆ ಹೆಡ್‌ಫೋನನ್ನು ಅಲುಗಾಡಿಸುವಷ್ಟು ಕರೆಂಟು ಒದಗಿಸುತ್ತದೆ. ಇಂಥ ಕಿಟ್ ಕಟ್ಟಿದವರು ಒಂದು ತಿಂಗಳು ಹಾಡು ಕೇಳಿ, ಎರಡನೇ ತಿಂಗಳು ಬೇರೆ ಟ್ಯೂಬ್ ಹುಡುಕಲು ಹೊರಡುತ್ತಾರೆ. ಬಲ್ಬಿನಂತೆ ಕಿತ್ತು ಇನ್ನೊಂದನ್ನು ಸಿಕ್ಕಿಸಬಹುದಲ್ಲ, ಆ ಆಸೆ ತಡೆಯುವುದು ಕಷ್ಟ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಈ ಸೌಲಭ್ಯವಿಲ್ಲ.

ಟ್ಯೂಬಿನ ಒಳಗೆ ನಡೆಯುವುದಾದರೂ ಏನು? ನಾಯಕನಹಟ್ಟಿಯವರಿಗೆ ಇದನ್ನು ಹೇಳುವುದು ಸುಲಭ. ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದರೆಂದು ನೆನೆಯುವ ಊರು ಅದು. ಕೆರೆಯಲ್ಲಿ ನೀರು ಎಷ್ಟೇ ಇರಲಿ, ಗದ್ದೆಗೆ ಹರಿಯುವುದು ತೂಬು ಎತ್ತಿದಷ್ಟೇ. ನೀರುಗಂಟಿಯ ಕೈಯ ಸಣ್ಣ ಅಲುಗಾಟ ಕಾಲುವೆಯ ದೊಡ್ಡ ಹರಿವನ್ನು ಆಳುತ್ತದೆ. ಟ್ಯೂಬಿನಲ್ಲಿ ಕೆರೆಯ ಜಾಗದಲ್ಲಿರುವುದು ಕ್ಯಾಥೋಡ್. ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡ್ ಬಳಿದ ಈ ಕೊಳವೆಯನ್ನು ಹೀಟರ್ ತಂತಿ 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿದಾಗ ಅದರ ಮೈಯಿಂದ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ನೂರಾರು ವೋಲ್ಟಿನ ಧನ ವಿದ್ಯುತ್ ಹೊತ್ತ ಆನೋಡ್ ಅವನ್ನು ಸೆಳೆಯುತ್ತದೆ. ನಡುವೆ ತೂಬಿನ ಕೆಲಸಕ್ಕೆ ನಿಂತದ್ದು ಗ್ರಿಡ್ ಎಂಬ ಸಣ್ಣ ತಂತಿಯ ಸುರುಳಿ. ಅದರ ವೋಲ್ಟೇಜು ಚೂರು ಬದಲಾದರೆ ಎಲೆಕ್ಟ್ರಾನುಗಳ ಹರಿವು ಬಹಳ ಬದಲಾಗುತ್ತದೆ. ಇಂಗ್ಲೆಂಡಿನ ಫ್ಲೆಮಿಂಗ್ 1904ರಲ್ಲಿ ಕ್ಯಾಥೋಡ್–ಆನೋಡ್ ಎರಡೇ ಇದ್ದ ವಾಲ್ವ್ ಮಾಡಿದ. ಎರಡು ವರ್ಷಗಳ ನಂತರ ಅಮೆರಿಕದ ಲೀ ಡಿ ಫಾರೆಸ್ಟ್ ಗ್ರಿಡ್ ಸೇರಿಸಿದ. ಹಿಗ್ಗಿಸುವ ಶಕ್ತಿ ಬಂದದ್ದು ಈ ಮೂರನೆಯದರಿಂದ; ಈ ಮೂರೂ ಇರುವುದಕ್ಕೆ ಟ್ರಯೋಡ್ ಎಂದು ಹೆಸರು.

ಖರ್ಚಿನ ಲೆಕ್ಕ ಮಾತ್ರ ಯಾರನ್ನೂ ಬೆಚ್ಚಿಬೀಳಿಸುವಂಥದ್ದು. 6080ರ ಹೀಟರ್ 6.3 ವೋಲ್ಟಿನಲ್ಲಿ 2.5 ಆಂಪಿಯರ್ ಎಳೆಯುತ್ತದೆ. ಅಂದರೆ ಸುಮಾರು 16 ವಾಟ್ ಬರೀ ಕಾಯಿಸುವುದಕ್ಕೇ ಹೋಯಿತು. ಕಿವಿ ತುಂಬುವಷ್ಟು ಹಾಡಿಗೆ ಬಹುತೇಕ ಹೆಡ್‌ಫೋನುಗಳಿಗೆ ಬೇಕಿರುವುದು ಒಂದೆರಡು ಮಿಲಿವಾಟ್. ಚಳ್ಳಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಈ ಯಂತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಲು ನಿಜಕ್ಕೂ ಸಂಗೀತಪ್ರೇಮವೇ ಬೇಕು.

ಈ ಹವ್ಯಾಸದಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1954ರಲ್ಲಿ ಹುಟ್ಟಿತು. 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ತಂತ್ರಜ್ಞಾನದಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸತೊಡಗಿತು. ಮನೆಮನೆಯ ಮರ್ಫಿ, ಫಿಲಿಪ್ಸ್, ಬುಷ್ ರೇಡಿಯೊಗಳ ಕಾಲ ಅದು. ಟ್ರಾನ್ಸಿಸ್ಟರ್ ಬಂದು ಆ ರೇಡಿಯೊಗಳು ಅಟ್ಟ ಸೇರಿದರೂ ಡಬ್ಬಿಯಿಂದ ತೆಗೆಯದ ಬಿಇಎಲ್ ವಾಲ್ವ್‌ಗಳು ಅಂಗಡಿಗಳ ಮೂಲೆಯಲ್ಲಿ ಉಳಿದವು. ಇವತ್ತು ವಿದೇಶದ ಗಿಟಾರ್ ಮತ್ತು ಹೆಡ್‌ಫೋನ್ ಹವ್ಯಾಸಿಗಳು ಬಿಇಎಲ್ ಇಸಿಸಿ83ರಂಥವನ್ನು ಹುಡುಕಿ ಕೊಳ್ಳುತ್ತಾರೆ. ಹೊಸದಾಗಿ ಟ್ಯೂಬ್ ಮಾಡುವ ಕಾರ್ಖಾನೆಗಳು ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ಕೆಲವೇ ಉಳಿದಿವೆ.

ಜಾಲಹಳ್ಳಿಯಲ್ಲಿ ನಿರ್ವಾತ ಕೊಳವೆಯ ವಿದ್ಯೆ ಪೂರ್ತಿ ನಿಂತಿಲ್ಲ ಎಂಬುದನ್ನೂ ಹೇಳಬೇಕು. ಡಿಆರ್‌ಡಿಒದ ಮೈಕ್ರೊವೇವ್ ಟ್ಯೂಬ್ ಸಂಶೋಧನಾ ಕೇಂದ್ರ 1984ರಿಂದ ಅಲ್ಲೇ ಇದೆ. ರಾಡಾರ್ ಮತ್ತು ಸಂವಹನಕ್ಕೆ ಬೇಕಾದ ಟ್ರಾವಲಿಂಗ್ ವೇವ್ ಟ್ಯೂಬ್‌ಗಳು ಅದರ ಕೆಲಸ. ಮನೆಯಲ್ಲಿ ಮೈಕ್ರೊವೇವ್ ಒಲೆ ಇರುವವರ ಅಡುಗೆಮನೆಯಲ್ಲೂ ಮ್ಯಾಗ್ನೆಟ್ರಾನ್ ಎಂಬ ಟ್ಯೂಬ್ ಒಂದು ದುಡಿಯುತ್ತಿದೆ.

ಇನ್ನು ಬದಲಿಸುವ ವಿಚಾರ. ಯುರೋಪಿನ ಹೆಸರುಗಳನ್ನು ಓದಲು ಕಲಿತರೆ ಅರ್ಧ ಗೊಂದಲ ಕಳೆಯುತ್ತದೆ. ಇಸಿಸಿ82ರಲ್ಲಿ ‘ಇ’ ಎಂದರೆ 6.3 ವೋಲ್ಟಿನ ಹೀಟರ್. ಎರಡು ‘ಸಿ’ ಎಂದರೆ ಒಂದೇ ಗಾಜಿನೊಳಗೆ ಎರಡು ಟ್ರಯೋಡ್. 8 ಎಂದರೆ ಒಂಬತ್ತು ಕಾಲಿನ ಬುಡ. ಅಮೆರಿಕದವರ 12ಎಯು7 ಇದೇ. 12ಎಟಿ7 ಎಂದರೆ ಇಸಿಸಿ81, 12ಎಎಕ್ಸ್7 ಎಂದರೆ ಇಸಿಸಿ83. ಈ ಮೂರರ ಕಾಲುಗಳ ಜೋಡಣೆ ಒಂದೇ, ಹೀಟರಿನ ಜೋಡಣೆಯೂ ಒಂದೇ. ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ, ಕೆಂಪಗೆ ಹೊತ್ತಿಕೊಳ್ಳುತ್ತದೆ, ಹಾಡೂ ಬರುತ್ತದೆ. ಜನ ಮೋಸಹೋಗುವುದು ಇಲ್ಲೇ. 12ಎಯು7ರ ವರ್ಧನಾಂಕ 17ರಿಂದ 20; 12ಎಟಿ7ರದ್ದು 60; 12ಎಎಕ್ಸ್7ರದ್ದು 100. ಮೊದಲನೆಯದು ಹತ್ತು ಮಿಲಿಆಂಪಿಯರ್ ಹರಿಸಿಕೊಂಡು ಆರಾಮವಾಗಿರಬಲ್ಲದು, ಕೊನೆಯದಕ್ಕೆ ಒಂದು ಮಿಲಿಆಂಪಿಯರ್ ಸುತ್ತಮುತ್ತಲೇ ಸುಖ. ಒಂದಕ್ಕೆಂದು ಲೆಕ್ಕಹಾಕಿ ಇಟ್ಟ ರೆಸಿಸ್ಟರುಗಳ ನಡುವೆ ಇನ್ನೊಂದನ್ನು ತಂದು ಕೂರಿಸಿದರೆ ಶಬ್ದ ಜೋರಾದೀತು, ಆದರೆ ಸ್ವಲ್ಪ ಏರಿಸಿದೊಡನೆ ಒಡೆಯುತ್ತದೆ.

ಇದಕ್ಕಿಂತ ಅಪಾಯದ ಜೋಡಿಯೂ ಇದೆ. 6ಡಿಜೆ8, ಅಂದರೆ ಇಸಿಸಿ88, ಇದಕ್ಕೂ ಒಂಬತ್ತೇ ಕಾಲು. ಆದರೆ ಇದರ ಹೀಟರ್ ನಾಲ್ಕು ಮತ್ತು ಐದನೇ ಕಾಲುಗಳ ನಡುವೆ 6.3 ವೋಲ್ಟನ್ನಷ್ಟೇ ಬಯಸುತ್ತದೆ. 12ಎಯು7ಗೆಂದು ಅದೇ ಕಾಲುಗಳಿಗೆ 12.6 ವೋಲ್ಟ್ ಕೊಟ್ಟ ಸಾಕೆಟ್ಟಿನಲ್ಲಿ ಇಟ್ಟರೆ ಹೀಟರ್ ಸುಟ್ಟೇಹೋಗುತ್ತದೆ. ನಾಲ್ಕು–ಐದನ್ನು ಒಟ್ಟುಗೂಡಿಸಿ ಒಂಬತ್ತನೇ ಕಾಲಿಗೆ 6.3 ವೋಲ್ಟ್ ಕೊಟ್ಟ ಜೋಡಣೆಯಾದರೆ ಟ್ಯೂಬ್ ಹೊತ್ತಿಕೊಳ್ಳುವುದೇ ಇಲ್ಲ. 12ಬಿಎಚ್7 ಇನ್ನೊಂದು ಬಗೆ: ಕಾಲುಗಳು ಹೊಂದುತ್ತವೆ, ಹೀಟರ್ ಮಾತ್ರ 6.3 ವೋಲ್ಟಿನಲ್ಲಿ 0.3ರ ಬದಲು 0.6 ಆಂಪಿಯರ್ ಕೇಳುತ್ತದೆ. ಟ್ರಾನ್ಸ್‌ಫಾರ್ಮರಿಗೆ ಆ ಶಕ್ತಿ ಇದೆಯೇ ಎಂದು ನೋಡದೆ ಹಾಕುವವರು ಕಿಟ್ಟಿನ ಅತಿ ದುಬಾರಿ ಭಾಗವನ್ನೇ ಪಣಕ್ಕಿಡುತ್ತಾರೆ.

ಒಂದೇ ಹೆಸರಿನ, ಬೇರೆ ಬೇರೆ ಕಾರ್ಖಾನೆಯ ಟ್ಯೂಬ್‌ಗಳ ನಡುವೆ ಶಬ್ದದಲ್ಲಿ ವ್ಯತ್ಯಾಸ ಇದೆಯೇ? ಇದೆ, ಆದರೆ ಮಾರುವವರು ವರ್ಣಿಸುವಷ್ಟಿಲ್ಲ. ಹೊಸ ಟ್ಯೂಬಿನ ವರ್ಧನೆ ಶೇಕಡ 15ರಷ್ಟು ಹೆಚ್ಚಿದ್ದರೆ ಶಬ್ದ ಸುಮಾರು 1.2 ಡೆಸಿಬೆಲ್ ಏರುತ್ತದೆ. ಇಷ್ಟು ಸಣ್ಣ ಏರಿಕೆಯನ್ನು ಮನಸ್ಸು ‘ಜೋರಾಯಿತು’ ಎಂದು ಗುರುತಿಸುವುದಿಲ್ಲ. ‘ಚೆನ್ನಾಯಿತು’, ‘ದನಿ ಬಿಡಿಬಿಡಿಯಾಗಿ ಕೇಳುತ್ತದೆ’ ಎಂದುಕೊಳ್ಳುತ್ತದೆ. ಮಲ್ಟಿಮೀಟರಿನಲ್ಲಿ ಔಟ್‌ಪುಟ್ ವೋಲ್ಟೇಜನ್ನು ಸರಿಸಮ ಮಾಡಿಕೊಂಡು, ಯಾವುದು ಯಾವ ಟ್ಯೂಬ್ ಎಂದು ತಿಳಿಯದಂತೆ ಕೇಳಿದರೆ ಎಷ್ಟೋ ಹೊಗಳಿಕೆಗಳು ಕರಗಿಹೋಗುತ್ತವೆ. ನಿಜವಾಗಿ ಉಳಿಯುವ ವ್ಯತ್ಯಾಸಗಳು ಬೇರೆ. ಕೆಲವು ಗುಂಯ್‌ಗುಡುತ್ತವೆ. ಕೆಲವನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದರೆ ಟಿಂಗ್ ಎಂಬ ಸದ್ದು ಹೆಡ್‌ಫೋನಿನಲ್ಲಿ ಕೇಳುತ್ತದೆ, ಒಳಗಿನ ಗ್ರಿಡ್ ಸಡಿಲವಾಗಿದೆ ಎಂದರ್ಥ. ಕೆಲವುಗಳಲ್ಲಿ ಎಡಕ್ಕೂ ಬಲಕ್ಕೂ ಸಮತೋಲ ಇರುವುದಿಲ್ಲ.

ಟ್ಯೂಬಿನ ದನಿ ‘ಬೆಚ್ಚಗಿದೆ’ ಎನ್ನುವುದಕ್ಕೂ ಕಾರಣವಿದೆ. ಟ್ರಯೋಡ್ ಸಂಕೇತವನ್ನು ತುಸು ವಿರೂಪಗೊಳಿಸುತ್ತದೆ, ಮತ್ತು ಆ ವಿರೂಪದ ಹೆಚ್ಚಿನ ಪಾಲು ಎರಡನೇ ಹಾರ್ಮಾನಿಕ್, ಅಂದರೆ ಎರಡರಷ್ಟು ಆವರ್ತನ. ಗಾಯಕರು ಮಧ್ಯಸ್ಥಾಯಿಯ ಷಡ್ಜ ಹಿಡಿದರೆ ಯಂತ್ರ ಅದಕ್ಕೆ ತಾರ ಷಡ್ಜದ ಒಂದೆಳೆ ಸೇರಿಸುತ್ತದೆ. ಮೂರನೇ ಹಾರ್ಮಾನಿಕ್ ಆದರೆ ತಾರಸ್ಥಾಯಿಯ ಪಂಚಮ. ಕಿವಿಗೆ ಇವು ಅಪಸ್ವರವಲ್ಲ. ತಪ್ಪೇ ಆದರೂ ಶ್ರುತಿಯೊಳಗಿನ ತಪ್ಪು.

ಟ್ಯೂಬಿಗೆ ದುಡ್ಡು ಸುರಿಯುವ ಮೊದಲು ನೋಡಬೇಕಾದ್ದು ಹೆಡ್‌ಫೋನಿನ ಮೇಲೆ ಬರೆದಿರುವ ಓಮ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಇಂಥ ಆಂಪ್ಲಿಫೈಯರುಗಳಿಗೆ ತಮ್ಮದೇ ತಡೆ ನೂರು ಓಮ್ ಮೀರಿ ಇರುತ್ತದೆ. 120 ಎಂದಿಟ್ಟುಕೊಳ್ಳಿ. ಸೆನ್‌ಹೈಸರ್ ಎಚ್‌ಡಿ600ರಂಥ 300 ಓಮಿನ ಹೆಡ್‌ಫೋನಿಗೆ ವೋಲ್ಟೇಜಿನ ಶೇಕಡ 71 ತಲುಪುತ್ತದೆ. ಫೋನಿಗೆ ಸಿಕ್ಕಿಸುವ ಸಾಮಾನ್ಯ 32 ಓಮಿನದಕ್ಕೆ ತಲುಪುವುದು ಶೇಕಡ 21 ಮಾತ್ರ, ಉಳಿದದ್ದು ಆಂಪ್ಲಿಫೈಯರಿನೊಳಗೇ ಬಿಸಿಯಾಗಿ ಹೋಗುತ್ತದೆ. ಸಾಲದ್ದಕ್ಕೆ, ಹೆಡ್‌ಫೋನಿನ ತಡೆ ಸ್ವರದಿಂದ ಸ್ವರಕ್ಕೆ ಬದಲಾಗುವುದರಿಂದ ದನಿಯ ಬಣ್ಣವೂ ಬದಲಾಗುತ್ತದೆ. ಯಾವ ದುಬಾರಿ ಟ್ಯೂಬೂ ಇದನ್ನು ಸರಿಪಡಿಸದು.

ಕ್ರ್ಯಾಕ್ ಕಟ್ಟಿದವರು ಒಬ್ಬರಿಗೊಬ್ಬರು ಹೆಚ್ಚಾಗಿ ಶಿಫಾರಸು ಮಾಡುವ ಸುಧಾರಣೆ ಟ್ಯೂಬೇ ಅಲ್ಲ. ‘ಸ್ಪೀಡ್‌ಬಾಲ್’ ಎಂಬ ಆ ಸಣ್ಣ ಫಲಕಗಳು ರೆಸಿಸ್ಟರುಗಳ ಜಾಗದಲ್ಲಿ ಕೂತು ಟ್ಯೂಬಿಗೆ ಸ್ಥಿರವಾದ ಕರೆಂಟು ಒದಗಿಸುತ್ತವೆ, ವಿರೂಪ ತಗ್ಗುತ್ತದೆ. ಆ ಫಲಕಗಳ ಮೇಲಿರುವುದು ಟ್ರಾನ್ಸಿಸ್ಟರುಗಳು! ಟ್ಯೂಬ್ ಭಕ್ತರು ಈ ಸಂಗತಿಯನ್ನು ಬೇಗನೆ ದಾಟಿಹೋಗುತ್ತಾರೆ.

ನಾಯಕನಹಟ್ಟಿ, ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲಿ ಇಂಥದ್ದನ್ನು ಇಟ್ಟುಕೊಳ್ಳುವವರಿಗೆ ಟ್ಯೂಬಿನ ಬ್ರಾಂಡಿಗಿಂತ ದೊಡ್ಡ ಚಿಂತೆ ಮನೆಯ ವೋಲ್ಟೇಜು. ಹೀಟರಿಗೆ ಹೇಳಿದ 6.3 ವೋಲ್ಟಿನಲ್ಲಿ ಶೇಕಡ ಹತ್ತರಷ್ಟು ಹೆಚ್ಚುಕಡಿಮೆ ನಡೆಯುತ್ತದೆ, ಎಂದರೆ 5.7ರಿಂದ 6.9. ಕಿಟ್ಟಿನ ಟ್ರಾನ್ಸ್‌ಫಾರ್ಮರ್ 230 ವೋಲ್ಟಿಗೆ ಸುತ್ತಿದ್ದಾದರೆ, ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಲೈನು 190ಕ್ಕೆ ಇಳಿದಾಗ ಹೀಟರಿಗೆ ಸಿಗುವುದು 5.2. ಕ್ಯಾಥೋಡ್ ತಣ್ಣಗಾಗಿ ಎಲೆಕ್ಟ್ರಾನುಗಳ ಹರಿವು ಸೊರಗುತ್ತದೆ, ದನಿ ಸಪ್ಪೆಯಾಗುತ್ತದೆ. ದಿನವೂ ಹೀಗಾದರೆ ಟ್ಯೂಬಿನ ಆಯುಸ್ಸೂ ಕುಗ್ಗುತ್ತದೆ. ರಾತ್ರಿ ಹೊರೆ ಇಳಿದು 250 ಮುಟ್ಟಿದರೆ 6.85, ಮಿತಿಯ ಅಂಚು. ಟ್ಯೂಬಿಗೆ ಮೂರು ಸಾವಿರ ಕೊಡುವ ಬದಲು ಒಳ್ಳೆಯ ಸ್ಟೆಬಿಲೈಸರಿಗೆ ಕೊಟ್ಟರೆ ಅದೇ ನಿಜವಾದ ಅಪ್‌ಗ್ರೇಡ್. ಅಮೆರಿಕದಿಂದ ಕಿಟ್ ತರಿಸುವವರು ಟ್ರಾನ್ಸ್‌ಫಾರ್ಮರನ್ನು 120 ವೋಲ್ಟಿಗೆ ಜೋಡಿಸಿದೆಯೋ 240ಕ್ಕೆ ಜೋಡಿಸಿದೆಯೋ ಎಂದು ಪ್ಲಗ್ ಹಾಕುವ ಮುನ್ನವೇ ನೋಡಿಕೊಳ್ಳಬೇಕು.

ಎಚ್ಚರಿಕೆಯೂ ಅಷ್ಟೇ ಮುಖ್ಯ. ಇದರೊಳಗೆ ನೂರೈವತ್ತು ವೋಲ್ಟಿಗೂ ಮೀರಿದ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಕೆಲಹೊತ್ತು ಉಳಿಯುತ್ತದೆ. ಟ್ಯೂಬ್ ಬದಲಿಸುವಾಗ ಪ್ಲಗ್ ಕೀಳಿ, ಹೆಡ್‌ಫೋನ್ ತೆಗೆಯಿರಿ, ಗಾಜು ತಣಿಯಲು ಬಿಡಿ. ತಳ ಬಿಚ್ಚುವುದಾದರೆ ಮೊದಲು ಮೀಟರಿನಲ್ಲಿ ಅಳೆಯಿರಿ. ಸೆಕೆಂಡ್‌ಹ್ಯಾಂಡ್ ಟ್ಯೂಬ್ ಕೊಳ್ಳುವಾಗ ಗಾಜಿನೊಳಗಿನ ಬೆಳ್ಳಿಯ ಕಲೆ ನೋಡಿ. ಉಳಿದ ಗಾಳಿಯನ್ನು ಹೀರಲು ಬಳಿದ ಬೇರಿಯಂ ಅದು. ಹಾಲಿನಂತೆ ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ನುಗ್ಗಿದೆ, ಆ ಟ್ಯೂಬ್ ಮುಗಿಯಿತು.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲೋ ಸಂಡೇ ಬಜಾರಿನಲ್ಲೋ ಹುಡುಕುವ ಹವ್ಯಾಸಿಗಳು ಕಡೆಗಣಿಸುವ ಒಂದು ಜಾತಿಯ ವಾಲ್ವ್ ಇದೆ: ಡಿಎಫ್96, ಡಿಎಎಫ್96 ಮುಂತಾದ ‘ಡಿ’ ಸರಣಿ. ಕರೆಂಟು ಬಾರದ ಹಳ್ಳಿಗಳ ಬ್ಯಾಟರಿ ರೇಡಿಯೊಗಳಲ್ಲಿದ್ದವು ಇವು. ಕ್ಯಾಥೋಡಿನ ಕೆಲಸವನ್ನೂ ತಾನೇ ಮಾಡುವ ಇವುಗಳ ಕಾಯುವ ತಂತಿಗೆ, ಅಂದರೆ ಫಿಲಮೆಂಟಿಗೆ, 1.4 ವೋಲ್ಟ್ ಸಾಕು. ಹೆಡ್‌ಫೋನಿಗೆ ಇವು ಅಷ್ಟಾಗಿ ಬರುವುದಿಲ್ಲ, ಶಾಲೆಗೆ ಬರುತ್ತವೆ. ಒಂದು ಸಾಮಾನ್ಯ ಸೆಲ್ಲಿನಿಂದ ಫಿಲಮೆಂಟ್ ಕಾಯಿಸಿ, 9 ವೋಲ್ಟಿನ ಬ್ಯಾಟರಿಯ ಧನ ತುದಿಯನ್ನು ಆನೋಡಿಗೂ ಸ್ಕ್ರೀನ್ ಎಂಬ ಎರಡನೇ ಗ್ರಿಡ್ಡಿಗೂ ಜೋಡಿಸಿದರೆ ನಿರ್ವಾತದಲ್ಲಿ ಹರಿಯುವ ಎಲೆಕ್ಟ್ರಾನುಗಳನ್ನು ಮೈಕ್ರೊಆಂಪಿಯರ್ ಮೀಟರಿನಲ್ಲಿ ಕಾಣಬಹುದು. ಬ್ಯಾಟರಿ ತಿರುಗಿಸಿದರೆ ಹರಿವು ನಿಲ್ಲುತ್ತದೆ. ಶಾಕಿನ ಭಯವಿಲ್ಲ. ನಾಯಕನಹಟ್ಟಿ ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸು ಶಾಲಾ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ಕೊಡುತ್ತದೆ. ಅಲ್ಲಿಗೆ ಹೋಗಿಬಂದ ಮೇಷ್ಟ್ರುಗಳಿಗೆ ಇದು ಅರ್ಧ ಗಂಟೆಯ ಕೆಲಸ. ಮನೆಯ ಅಟ್ಟದಲ್ಲೋ ಮುಚ್ಚಿದ ರೇಡಿಯೊ ರಿಪೇರಿ ಅಂಗಡಿಯಲ್ಲೋ ಹಳೆಯ ವಾಲ್ವ್‌ಗಳಿದ್ದರೆ ಗುಜರಿಗೆ ಹಾಕುವ ಮುನ್ನ ಊರಿನ ಹೈಸ್ಕೂಲಿನಲ್ಲಿ ಒಮ್ಮೆ ವಿಚಾರಿಸಿ.