ಎರೆ ನೆನೆಯುವ ಹೊತ್ತು

ಸವದತ್ತಿ ತಾಲ್ಲೂಕಿನ ಹಳ್ಳಿಯೊಂದರ ಹಿತ್ತಲು. ಶಿವರಾತ್ರಿ ಕಳೆದು ವಾರವಾಗಿದೆ. ಕೊಟ್ಟಿಗೆಯ ಗೋಡೆಗೊರಗಿಸಿಟ್ಟ ಎಣ್ಣೆಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಹುಳಿ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಒಳಗೆ ಗೋವಿನಜೋಳ. ಒಂದು ಹಗಲು ಒಂದು ರಾತ್ರಿ ನೆನೆಸಿ, ಕಾಳು ಬಾಯಿ ಬಿಡುವವರೆಗೆ ಕುದಿಸಿ, ಕುದಿಸಿದ ನೀರಲ್ಲೇ ಹಿಡಿ ಬೆಲ್ಲ ಹಾಕಿ ಮುಚ್ಚಿಟ್ಟು ಇಂದಿಗೆ ಮೂರು ದಿನ. ಮೇಲೆ ಬಿಳಿ ನೊರೆ, ಕೆಳಗೆ ಅಂಬಲಿಯಂತೆ ದಪ್ಪಗಾದ ನೀರು.

"ಮಾವಾರ, ಅದನ್ನ ಹೊರಗರ ಇಡ್ರಿ," ಎಂದಳು ಸೊಸೆ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ಕಾಕಾ ನಕ್ಕರು. "ನಮಗ ನಾರತೈತಿ, ಮೀನಿಗೆ ಘಮಾ ಅಂತೈತಿ."

ಕಾಕಾನ ಮುಂದಿದ್ದ ಅಲ್ಯೂಮಿನಿಯಂ ಬೋಗುಣಿಯಲ್ಲಿ ಸೀಮೆಯೆಲ್ಲ ಬಂದು ಕೂತಿತ್ತು. ಕಿತ್ತೂರು ಕಡೆಯ ಭತ್ತದ ತವುಡು. ರಾಮದುರ್ಗದ ಬೀಗರು ಕೊಟ್ಟ ಬಿಳಿಜೋಳದ ಹಿಟ್ಟು. ಗಾಣದಿಂದ ತಂದು ಕುಟ್ಟಿ ಸೋಸಿದ ಶೇಂಗಾ ಹಿಂಡಿ. ಅಂಟಿಗೆಂದು ಎರಡು ಹಿಡಿ ಗೋಧಿ ಹಿಟ್ಟು. ಕೊನೆಗೆ, ಬೈಲಹೊಂಗಲದ ಎರೆ ಹೊಲದ ಹತ್ತಿಯ ಒಂದು ಎಸಳು. ಅದನ್ನು ಬೆರಳಲ್ಲಿ ಹಿಂಜಿ ಹಿಂಜಿ ಹಿಟ್ಟಿಗೆ ಸೇರಿಸುತ್ತ ಹೋದರು. ಬರೀ ಹಿಟ್ಟಿನ ಉಂಡೆ ಗಾಳದ ಮೇಲೆ ನಿಲ್ಲುವುದಿಲ್ಲ, ನೀರಿಗೆ ಬಿದ್ದೊಡನೆ ಕಳಚುತ್ತದೆ. ಹತ್ತಿಯ ನೂಲೆಳೆ ಅದಕ್ಕೆ ಒಳಗಿನಿಂದ ಹೊಲಿಗೆ ಹಾಕುತ್ತದೆ.

ನಾನೂ ಕೈ ಹಾಕಿದೆ. "ಚಪಾತಿ ಕಣಕ ಅಲ್ಲೋ ತಮ್ಮಾ ಅದು, ಅಷ್ಟ ನಾದಬ್ಯಾಡ. ಕೈಗೆ ಅಂಟಬಾರದು, ನೀರಾಗ ಬಿಚ್ಚಬೇಕು."

ಲಿಂಬೆಕಾಯಿ ಗಾತ್ರದ ಉಂಡೆಗಳು ಒಂದು ಕಡೆ, ಗಾಳಕ್ಕೆ ಚುಚ್ಚುವ ಕಡಲೆ ಗಾತ್ರದವು ಇನ್ನೊಂದು ಕಡೆ. ಸಣ್ಣವನ್ನು ಅಗಲ ಬಾಯಿಯ ಬಾಟಲಿಗೆ ಹಾಕಿ ಮೇಲೆ ಕಾಕಂಬಿ ಎರೆದರು. ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆ ಕಾರ್ಖಾನೆ ಇರುವ ಈ ಸೀಮೆಗೆ ಕಾಕಂಬಿ ಹೊಸತಲ್ಲ. ಕಪ್ಪು ದ್ರವ ಅವಸರವಿಲ್ಲದೆ ಉಂಡೆಗಳ ಸಂದಿಗೆ ಇಳಿಯಿತು. ಮೇಲೆ ಒಂದು ಸೌಟು ಗೋವಿನಜೋಳದ ಹುಳಿನೀರು, ಚಿಟಿಕೆ ಕುಟ್ಟಿದ ಬಡೇಸೋಪು.

"ಎಣ್ಣಿ ಹಾಕಬಾರದೇನ್ರಿ ಕಾಕಾ?"

"ಎಣ್ಣಿ ಮ್ಯಾಲ ತೇಲತೈತಿ, ಅದರ ಜೋಡಿ ವಾಸನೀನೂ ಮ್ಯಾಲೇ ಹೋಗತೈತಿ. ಕಾಕಂಬಿ ತೂಕದ್ದು, ನೆಲಾ ಹಿಡದು ಹರಿತೈತಿ."

ಕನ್ನಡದಲ್ಲಿ ಎರೆ ಎಂದರೆ ಕಪ್ಪು ನೆಲ. ಗಾಳಕ್ಕೆ ಚುಚ್ಚುವ ಮೇವೂ ಎರೆಯೇ. ಹೊಯ್ಯುವುದಕ್ಕೂ ಎರೆ ಎನ್ನುತ್ತೇವೆ. ಎರೆ ನೆಲದ ಬೆಳೆಯನ್ನು ಉಂಡೆ ಕಟ್ಟಿ, ಮೇಲೆ ಕಬ್ಬಿನ ರಸದ ಕೊನೆಯ ಶೇಷ ಎರೆದು, ಮೀನಿಗೆ ಎರೆಯಾಗಿಸುವ ಈ ಕೆಲಸಕ್ಕೆ ಆ ಒಂದೇ ಮಾತು ಸಾಕು.

ಎರೆ ಇಷ್ಟು ನೆನೆಯಬೇಕಾದದ್ದು ಮೀನಿನ ಬಾಯಿಗಾಗಿ. ಸಾಮಾನ್ಯ ಗೆಂಡೆಗೆ ತುಟಿಯ ಬದಿಗೆ 4 ಮೀಸೆ. ಅವೇ ಅದರ ನಾಲಿಗೆ. ಕೆಸರು ತಡವುತ್ತ ಹೋಗುವಾಗ ನೀರಲ್ಲಿ ಕರಗಿದ ರುಚಿಯನ್ನಷ್ಟೇ ಅವು ಓದಬಲ್ಲವು. ಕರಗದ್ದು ಎಷ್ಟು ಘಮಘಮಿಸಿದರೂ ಅದಕ್ಕೆ ಕಲ್ಲು. ಹಲ್ಲು ಗಂಟಲೊಳಗೆ ಇರುತ್ತವೆ, ಬೆಂದ ಕಾಳನ್ನು ಅಲ್ಲೇ ಅರೆಯುತ್ತದೆ. ಜಠರವೆಂಬ ಚೀಲವೇ ಇಲ್ಲದ್ದರಿಂದ ಒಮ್ಮೆಗೆ ಉಂಡು ಮಲಗುವ ಜಾತಿಯಲ್ಲ, ದಿನವಿಡೀ ಕುಟುಕುವ ಜಾತಿ. ಅದರ ಬಳಗದ ಕಾಟ್ಲಾ, ರೋಹು, ಮೃಗಾಲ ಮೂಲತಃ ಉತ್ತರದ ನದಿಗಳವು. ಮರಿ ತಂದು ಬಿಟ್ಟದ್ದರಿಂದ ಇಲ್ಲಿನವಾದವು. ಕಾಟ್ಲಾ ಮೇಲುನೀರಿನದು, ರೋಹು ನಡುನೀರಿನದು, ಮೃಗಾಲ ತಳದ್ದು. ಬೆಂಡನ್ನು ದಾರದ ಮೇಲೆ ಎಲ್ಲಿ ಕಟ್ಟಬೇಕೆಂಬುದು ಇದರ ಮೇಲೆಯೇ ನಿಂತಿದೆ.

ಮೀನಿಗೆ ತುತ್ತು ಕಟ್ಟುವ ವಿಚಾರ ಈ ಸೀಮೆಗೆ ಹೊಸತಲ್ಲ. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಇಲ್ಲಿ ಆಳಿದ ರಟ್ಟರು ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ಗಾಳದ ಆಟಕ್ಕೆಂದೇ 'ಮತ್ಸ್ಯವಿನೋದ'ವೆಂಬ ಭಾಗವಿದೆ. ಯಾವ ಮೀನಿಗೆ ಯಾವ ತುತ್ತು ಎಂಬ ವಿಚಾರವೂ ಅದರಲ್ಲಿ ಬರುತ್ತದೆ. ಐದು ನೂರು ವರ್ಷಗಳಾಚೆ, 1653ರಲ್ಲಿ, ಇಂಗ್ಲೆಂಡಿನ ಐಸಾಕ್ ವಾಲ್ಟನ್ ತನ್ನ ಗಾಳದ ಪುಸ್ತಕದಲ್ಲಿ ಗೆಂಡೆಗೆ ಜೇನು ಬೆರೆಸಿದ ಕಣಕ ಹೇಳಿದ. ಗಾಳದಿಂದ ಉದುರದಿರಲೆಂದು ಅದಕ್ಕೆ ಉಣ್ಣೆ ಸೇರಿಸಲು ಹೇಳಿದ. ಅವನ ಊರಲ್ಲಿ ಕುರಿ, ನಮ್ಮಲ್ಲಿ ಹತ್ತಿ.

ಮರುದಿನ ನಸುಕಿನಲ್ಲಿ ರೇಣುಕಾಸಾಗರದ ಹಿನ್ನೀರು. ನವಿಲುತೀರ್ಥದಲ್ಲಿ ಗುಡ್ಡದ ಸಂದಿಗೆ ಒಡ್ಡು ಕಟ್ಟಿ ನಿಲ್ಲಿಸಿದ ಮಲಪ್ರಭೆ ಬೂದಿ ಬಣ್ಣದಲ್ಲಿ ಮಲಗಿದ್ದಳು. ನೀರು ಹಿಂದೆ ಸರಿದ ಕಡೆ ಎರೆ ಬಿರುಕು ಬಿಟ್ಟಿತ್ತು. ನೀರಿರುವ ಕಡೆ ಅದೇ ಎರೆಯ ಮೇಲೆ ಮೀನು ಆಡುತ್ತಿತ್ತು. ದೂರದಲ್ಲಿ ಎಲ್ಲಮ್ಮನ ಗುಡ್ಡದ ದೀಪಗಳು ಒಂದೊಂದೇ ಮಂಕಾಗುತ್ತಿದ್ದವು.

ಕಾಕಾ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ದಂಡೆಗೆ ಇಳಿದರು. ನೆಲದ ಅದುರು ಮೀನಿಗೆ ಕೇಳುತ್ತದೆ. ಮೊದಲು ದೊಡ್ಡ ಉಂಡೆ ನಾಲ್ಕು, ಎರಡು ಹಿಡಿ ಗೋವಿನಜೋಳ, ಒಂದೇ ಜಾಗಕ್ಕೆ. ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನೆ ಕೂತೆವು. ಆಮೇಲೆ ಕಾಕಂಬಿ ಕುಡಿದು ಕಪ್ಪಾಗಿದ್ದ ಸಣ್ಣ ಉಂಡೆಯೊಂದು ಗಾಳಕ್ಕೇರಿತು. ನವಿಲುಗರಿಯ ದಂಟಿನ ಬೆಂಡು ನೆಟ್ಟಗೆ ನಿಂತಿತು.

ಬೆಂಡಿನ ಸುತ್ತ ಗುಳ್ಳೆ ಎದ್ದವು. ಮೀಸೆಗಳು ಕೆಸರಲ್ಲಿ ಓದುತ್ತಿರಬೇಕು. ಬೆಂಡು ಒಮ್ಮೆ ತಲೆಯಾಡಿಸಿತು, ಮತ್ತೊಮ್ಮೆ, ಆಮೇಲೆ ಓರೆಯಾಗಿ ಜಾರಿತು. ಕಾಕಾ ಕೋಲು ಎತ್ತಿದರು. ಭಾರವಿಲ್ಲ.

ದಾರ ಎಳೆದು ನೋಡಿದರೆ ಹಿಟ್ಟಿಲ್ಲ, ಕಾಕಂಬಿಯಿಲ್ಲ. ಗಾಳದ ಮುಳ್ಳಿಗೆ ಒದ್ದೆ ಹತ್ತಿಯ ಎಳೆಯೊಂದು ಮಾತ್ರ ಜೋತುಬಿದ್ದಿತ್ತು, ಚೀಪಿ ಬೆಳ್ಳಗೆ ಮಾಡಿಟ್ಟಂತೆ.

"ಬೈಲಹೊಂಗಲದ್ದಷ್ಟ ಬಿಟ್ಟೈತಿ ನೋಡ," ಎಂದ ಕಾಕಾ ಮತ್ತೆ ಬಾಟಲಿಗೆ ಕೈ ಹಾಕಿದರು.